ನಿಂತ ಗಾಡಿ, ತಳ್ಳುವ ಊರು

ನಮ್ಮೂರಿನಲ್ಲಿ ನನ್ನನ್ನು ಕುರಿತು ಒಂದು ಕತೆ ಚಾಲ್ತಿಯಲ್ಲಿದೆ. ಶಿವಣ್ಣನ ಟೀ ಅಂಗಡಿಯಲ್ಲಿ ಅದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ನಾನು ಎದುರಿಗೇ ಕೂತಿರುವಾಗಲೂ, ನಾನು ಕತೆಯ ಪಾತ್ರವೇ ಹೊರತು ಶ್ರೋತೃವಲ್ಲ ಎಂಬಂತೆ, ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ಕತೆ ಹೀಗೆ: ಫಾರಿನ್ನಿನಿಂದ ಬಂದ ಕರೆಂಟ್ ಕುರ್ಚಿ ಹೈವೇಯ ನಟ್ಟನಡುವೆ ಕೈಕೊಟ್ಟಿತು; ಎರಡೂ ಕಡೆಯಿಂದ ಲಾರಿಗಳು; ನೆಲಮಂಗಲಕ್ಕೆ ನೆಲಮಂಗಲವೇ ಓಡಿಬಂದು ಪಾಪದ ಹುಡುಗಿಯನ್ನು ಕುರ್ಚಿಯ ಸಮೇತ ತಳ್ಳಿಕೊಂಡು ಹೋಗಿ ಸ್ಕೂಲಿನ ಗೇಟಿಗೆ ಮುಟ್ಟಿಸಿತು; ಊರಿನ ಪ್ರೀತಿಯನ್ನು ಕಂಡು ಹೆಡ್‌ಮಾಸ್ಟರ ಕಣ್ಣಲ್ಲಿ ನೀರಾಡಿ, ನಿಂತ ನಿಲುವಿನಲ್ಲೇ ಅವಳಿಗೆ ಮೇಡಂ ಕೆಲಸ ಕೊಟ್ಟುಬಿಟ್ಟರು. ಇಷ್ಟು ಹೇಳಿ, ಗ್ಲಾಸು ಕೆಳಗಿಟ್ಟು, ದನಿ ತಗ್ಗಿಸಿ ಒಂದು ಉಪಸಂಹಾರ: “ಅವರಪ್ಪ ಒಬ್ಬ ನೋಡಿ, ಕಲ್ಲು ನಿಂತಂಗೆ ನಿಂತಿದ್ದ ಕಣ್ರೀ. ಒಂದ್ ಹೆಜ್ಜೆ ಮುಂದಕ್ಕೆ ಇಡ್ಲಿಲ್ಲ.”

ಹೆಸರಿಗೆ ನಾನು ಶಾಂತ. ಹೆಸರಿಡುವಾಗ ಮನೆಯವರಿಗಿದ್ದ ಆಶಾವಾದವನ್ನು ನಾನು ದೂರುವುದಿಲ್ಲ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆಗೆ ನಿಂತು ವಾದಿಸಿ (ನಿಂತು ಎಂಬುದು ವಾಡಿಕೆಯ ಮಾತು, ನಾನು ಕೂತೇ ವಾದಿಸಿದ್ದು) ಬಹುಮಾನವಾಗಿ ತಂದ ಸ್ಟೀಲ್ ತಟ್ಟೆ ಲೋಟಗಳಿಂದಲೇ ನಮ್ಮ ಅಡುಗೆಮನೆಯ ಅರ್ಧ ತುಂಬಿದೆ. ಅಂಥವಳು ತನ್ನದೇ ಕತೆಯನ್ನು ಪರೀಕ್ಷಿಸದೆ ಒಪ್ಪಿಕೊಂಡರೆ ಆ ತಟ್ಟೆ ಲೋಟಗಳಿಗೆ ಅವಮಾನ. ಆದ್ದರಿಂದ ವಿನಯಪೂರ್ವಕವಾಗಿ ನನ್ನ ಆಕ್ಷೇಪಣೆ: ಅಂದು ಕುರ್ಚಿ ಕೈಕೊಡಲಿಲ್ಲ. ಹೆಡ್‌ಮಾಸ್ಟರ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ಅದಕ್ಕೆ ಲಾರಿಯ ಹೊಗೆ ಕಾರಣ. ನಮ್ಮಪ್ಪ ನಿಂತಿದ್ದುದು ಮಾತ್ರ ನಿಜ. ಇಡೀ ಕತೆಯಲ್ಲಿ ಪೂರ್ತಿ ನಿಜವಾದದ್ದು ಅದೊಂದೇ, ಜನ ಪೂರ್ತಿ ತಪ್ಪಾಗಿ ತಿಳಿದುಕೊಂಡಿರುವುದೂ ಅದೊಂದನ್ನೇ ಎಂದು ನಾನು ಬಹಳ ದಿನ ವಾದಿಸುತ್ತಿದ್ದೆ.

ವಾದಕ್ಕೆ ಇಳಿಯುವ ಮುನ್ನ ಊರಿನ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಹೈವೇ ಪಕ್ಕದಲ್ಲಿ ಬೆಳೆದ ನಮಗೆಲ್ಲ ತಳ್ಳುವುದು ಒಂದು ಸಂಸ್ಕಾರ. ಬೆಳಗಿನ ಚಳಿಗೆ ಸೆಲ್ಫ್ ಹೊಡೆಯದ ಬಸ್ಸನ್ನು ಪ್ರಯಾಣಿಕರೇ ಇಳಿದು ತಳ್ಳದಿದ್ದರೆ ಅದು ಬೆಂಗಳೂರು ಮುಟ್ಟುವುದು ಹೇಗೆ? ಟಿಫಿನ್ ಕ್ಯಾರಿಯರನ್ನು ಪಕ್ಕದವರ ಕೈಗೆ ಕೊಟ್ಟು, ಇಸ್ತ್ರಿ ಮಾಡಿದ ಷರಟಿನ ತೋಳು ಮಡಿಸಿ, ಬ್ಯಾಂಕಿನ ಗುಮಾಸ್ತರೂ ಸೊಪ್ಪಿನ ಮೂಟೆಯವರೂ ಒಟ್ಟಿಗೆ ಭುಜ ಕೊಟ್ಟು “ಐಸಾ” ಎನ್ನುವಾಗ, ಸಮಾನತೆ ಎಂಬುದು ಸಂವಿಧಾನದ ಪುಟದಿಂದ ಇಳಿದು ಬಸ್ಸಿನ ಹಿಂಭಾಗಕ್ಕೆ ಬಂದು ನಿಂತಂತೆ ಕಾಣುತ್ತಿತ್ತು. ತನ್ನದೇ ಮದುವೆಗೆ ಹೊರಟ ವರನೊಬ್ಬ ಬಾಸಿಂಗ ಕಟ್ಟಿಕೊಂಡು ಮೆಟಡಾರ್ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಂಥ ಊರಿನ ಜನ ನಿಂತ ವಾಹನವನ್ನು ಕಂಡರೆ, ಅದು ಯಾಕೆ ನಿಂತಿದೆ ಎಂದು ಕೇಳುವುದಿಲ್ಲ. ಕೈ ತಾನಾಗಿಯೇ ಹೋಗುತ್ತದೆ. ಅವರ ದೃಷ್ಟಿಯಲ್ಲಿ ಗಾಲಿಕುರ್ಚಿಯೆಂದರೆ ಹುಟ್ಟುತ್ತಲೇ ಕೆಟ್ಟು ನಿಂತ ವಾಹನ.

ನನ್ನ ಎಳವೆಯಲ್ಲಿ ಬಂದ ಜ್ವರವೊಂದು ಹೋಗುವಾಗ ಎರಡು ಕಾಲುಗಳ ಜೊತೆಗೆ ಬಲಗೈಯ ಬಲವನ್ನೂ ತೆಗೆದುಕೊಂಡು ಹೋಯಿತು. ನಾಲಿಗೆಯನ್ನು ಬಿಟ್ಟುಹೋದದ್ದು ಅದರ ಅಜಾಗರೂಕತೆ ಎಂದು ಅಮ್ಮನ ಅಭಿಪ್ರಾಯ. ಕೈಯಲ್ಲಿ ಪೆಡಲು ತಿರುಗಿಸುವ ಮೂರುಗಾಲಿಯ ಸೈಕಲ್ಲೂ ನನ್ನ ಪಾಲಿಗೆ ಇರಲಿಲ್ಲ. ಹೀಗಾಗಿ ನನ್ನ ವಾಹನ ಅಪ್ಪ. ದಾಬಸ್‌ಪೇಟೆ ಕಡೆಯ ಕಾರ್ಖಾನೆಯೊಂದರಲ್ಲಿ ಅವನ ಕೆಲಸ. ಸರದಿಯ ಪ್ರಕಾರ ಬದಲಾಗಬೇಕಾದ ಪಾಳಿಯನ್ನು, ಯಾರ್ಯಾರನ್ನೋ ಕೇಳಿಕೊಂಡು, ಶಾಶ್ವತವಾಗಿ ಸೆಕೆಂಡ್ ಶಿಫ್ಟಿಗೆ ಹಾಕಿಸಿಕೊಂಡಿದ್ದ. ಬೆಳಗಿನ ಹೊತ್ತು ಅವನಿಗೆ ನನ್ನನ್ನು ಶಾಲೆಗೆ, ಆಮೇಲೆ ಕಾಲೇಜಿಗೆ ಮುಟ್ಟಿಸುವುದಿತ್ತಲ್ಲ! ಸೈಕಲ್ಲಿನ ಕ್ಯಾರಿಯರಿಗೆ ಹಲಗೆ ಹಾಕಿಸಿ, ನನ್ನನ್ನು ಟವಲಿನಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು ಹೊರಡುತ್ತಿದ್ದ. ಮೆಟ್ಟಿಲು ಬಂದರೆ ಬೆನ್ನಿಗೆ. ಬಸ್ಸಾದರೆ ಬೆನ್ನಿಗೆ. ಬೆಂಗಳೂರಿನ ಕಾಲೇಜುಗಳ ಸಭಾಂಗಣಗಳನ್ನೆಲ್ಲ ನಾನು ಅಪ್ಪನ ಬೆನ್ನ ಮೇಲೆ ಪ್ರವೇಶಿಸಿದವಳು. ವೇದಿಕೆಯ ಮೇಲೆ ನನ್ನನ್ನಿಳಿಸಿ ಅವನು ಹಿಂದಿನ ಸಾಲಿಗೆ ಹೋಗಿ ಕೂರುತ್ತಿದ್ದ. ಎದುರು ಪಕ್ಷದವರು ಚೆನ್ನಾಗಿ ಮಾತಾಡಿದರೆ ಅವರಿಗೂ ನ್ಯಾಯವಾಗಿ ಚಪ್ಪಾಳೆ ತಟ್ಟುತ್ತಿದ್ದ. ಆ ನಿಷ್ಪಕ್ಷಪಾತ ಧೋರಣೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಪ್ಪನ ಜೊತೆ ಓಡಾಡುವುದರಲ್ಲಿ ಒಂದೇ ತೊಡಕು. ಲೋಕ ಮಾತಾಡುವುದು ಹೊತ್ತವನ ಜೊತೆ, ಹೊರಿಸಿಕೊಂಡವಳ ಜೊತೆಯಲ್ಲ. ನಾನು ಬಿ.ಎ. ಓದುತ್ತಿದ್ದಾಗಲೂ ಹೋಟೆಲಿನವನು ನನ್ನ ತಲೆಯ ಮೇಲಿಂದ ಅಪ್ಪನನ್ನು ಕೇಳಿದ್ದ: “ಮಗು ಕಾಫಿ ಕುಡಿಯುತ್ತಾ?” ನಾನೇ ಉತ್ತರಿಸಿದೆ: “ಕುಡಿಯುತ್ತೆ. ಸಕ್ಕರೆ ಕಮ್ಮಿ ಹಾಕಿ ಅಂತ ಹೇಳ್ತಿದೆ.”

ತೊಂಬತ್ತರ ದಶಕದ ನಡುವೆ, ನನ್ನ ಡಿಗ್ರಿ ಮುಗಿದ ಮೇಲೆ, ಬೆಂಗಳೂರಿನ ಒಂದು ಸೇವಾಸಂಸ್ಥೆಯವರು ಹೊರದೇಶದಿಂದ ತರಿಸಿದ ಹಳೆಯ ಪವರ್ ವೀಲ್‌ಚೇರೊಂದನ್ನು ನನಗೆ ಕೊಟ್ಟರು. ಯಾವ ದೇಶದ ಯಾವ ಅಜ್ಜಿ ಅದರಲ್ಲಿ ಕೂತು ಯಾವ ತರಕಾರಿ ತರಲು ಹೋಗುತ್ತಿದ್ದರೋ! ಎಡಗೈಯ ಕೆಳಗೆ ಒಂದು ಗಿಡ್ಡ ಕಡ್ಡಿ. ಅದನ್ನು ಯಾವ ಕಡೆಗೆ ಬಾಗಿಸಿದರೆ ಕುರ್ಚಿ ಆ ಕಡೆಗೆ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ನಮ್ಮ ಮನೆಯ ಮುಂದಿನ ಅಂಗಳದಲ್ಲಿ ಮೊದಲ ಸಲ ಅದರ ಮೇಲೆ ಕೂತಾಗ ಅಪ್ಪ ಹಿಂದೆ ನಿಂತು ಕುರ್ಚಿಯ ಹಿಡಿ ಹಿಡಿದುಕೊಂಡಿದ್ದ. ನಾನು ಕಡ್ಡಿಯನ್ನು ಬಾಗಿಸಿದೆ. ಕುರ್ಚಿ ಹೊರಟಿತು. ಬೇಲಿಯ ತನಕ ಹೋಗಿ ತಿರುಗಿಸಿಕೊಂಡು ನೋಡಿದರೆ, ಅಪ್ಪ ನಿಂತಲ್ಲೇ ಇದ್ದ. ಅವನ ಎರಡು ಕೈಗಳೂ ಗಾಳಿಯಲ್ಲಿ, ಇನ್ನೂ ಹಿಡಿ ಹಿಡಿದುಕೊಂಡಂತೆಯೇ ಇದ್ದವು. ಅಮ್ಮ ಬಾಗಿಲಲ್ಲಿ ನಿಂತು, “ಕೈ ಇಳಿಸ್ರೀ, ಅವ್ಳು ಹೋದ್ಲು” ಅಂದಳು. ನಾವೆಲ್ಲ ನಕ್ಕೆವು. ಅಪ್ಪನೂ ನಕ್ಕ. ಕೈ ಇಳಿಸಿದ್ದು ಸ್ವಲ್ಪ ತಡವಾಗಿ.

ಆಧುನಿಕ ಯಂತ್ರದಿಂದ ನನ್ನ ಪ್ರಪಂಚ ವಿಸ್ತಾರವಾಯಿತು ಎಂದು ಯಾರಾದರೂ ಭಾಷಣ ಮಾಡಿದರೆ ನಾನು ವಿರೋಧ ಪಕ್ಷದಲ್ಲಿ ಕೂರುತ್ತೇನೆ. ಅಪ್ಪನ ಬೆನ್ನು ಬೆಂಗಳೂರಿಗೆ ಹೋಗುತ್ತಿತ್ತು. ಈ ಕುರ್ಚಿ ಬಸ್ಸಿನ ಒಂದು ಮೆಟ್ಟಿಲನ್ನೂ ಹತ್ತಲಾರದು. ನಾಲ್ಕು ಆಳು ಸೇರಿದರೂ ಅದನ್ನು ಎತ್ತಿ ಬಸ್ಸಿನ ಟಾಪಿಗೆ ಹಾಕುವಂತಿರಲಿಲ್ಲ. “ಇಷ್ಟು ದೊಡ್ಡ ಯಂತ್ರ, ಒಂದು ಮೆಟ್ಲು ಹತ್ತಲ್ವಾ? ಇದಕ್ಕಿಂತ ನಮ್ಮ ಮೇಕೇನೇ ವಾಸಿ” ಎಂದು ಅಮ್ಮ ತೀರ್ಪು ಕೊಟ್ಟಳು. ದಾಬಸ್‌ಪೇಟೆಯಲ್ಲಿ ನಡೆದ ನೆಂಟರ ಮದುವೆಗೆ ಕುರ್ಚಿಯನ್ನು ಲಗೇಜ್ ಟೆಂಪೋದಲ್ಲಿ ಹಾಕಿಸಿ, ನಾನೂ ಹಿಂದೆ ಅದರ ಮೇಲೇ ಕೂರುತ್ತೇನೆಂದು ಹಠ ಹಿಡಿದು, ಹಗ್ಗ ಬಿಗಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಜನ ಟೆಂಪೋಗೆ ಕೈ ಮುಗಿದರು. ಯಾವ ದೇವರ ಉತ್ಸವ ಎಂದು ಒಬ್ಬರು ವಿಚಾರಿಸಿದರಂತೆ; ನಿರೀಶ್ವರವಾದದ ಪರವಾಗಿ ಮಾತಾಡಿ ಬಹುಮಾನ ಗೆದ್ದವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ?

ವಿದ್ಯುತ್ತಿನ ವಿಷಯ ಹೇಳದಿರುವುದೇ ಲೇಸು. ಕರೆಂಟು ಹೋದರೆ ಊರಿಗೆಲ್ಲ ದೀಪ ಹೋಗುತ್ತಿತ್ತು, ನನಗೆ ಕಾಲೂ ಹೋಗುತ್ತಿತ್ತು. ಕುರ್ಚಿಯ ಜೊತೆಗೆ ಬಂದ ಬ್ಯಾಟರಿಗಳು ಬೇಗನೆ ಕಣ್ಮುಚ್ಚಿದವು. ಲಾರಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿಯವರು ತಮ್ಮಲ್ಲಿದ್ದುದನ್ನೇ ಅಳವಡಿಸಿ, ತಂತಿ ಸುತ್ತಿ, ಹರಸಿ ಕಳಿಸಿದರು. ಅಂದಿನಿಂದ ನನ್ನ ಆಸನದ ಕೆಳಗೆ ಲಾರಿಯ ಪ್ರಾಣ. ಇನ್ನು ಕುರ್ಚಿಯ ಹಿಂಭಾಗದಲ್ಲಿ, ಗಾಲಿಗಳ ನಡುವೆ ಒಂದು ಲಿವರ್ ಇತ್ತು. ಅದನ್ನು ಒತ್ತಿದರೆ ಮೋಟಾರಿಗೂ ಗಾಲಿಗೂ ಸಂಬಂಧ ಕಡಿದು ಕುರ್ಚಿ ಸಾಧಾರಣ ತಳ್ಳುಗಾಡಿಯಾಗುತ್ತಿತ್ತು. ಎತ್ತಿದರೆ ಮತ್ತೆ ನನ್ನ ಕೈಗೆ ಬರುತ್ತಿತ್ತು. ಬ್ಯಾಟರಿ ಸತ್ತಾಗ ಯಾರಾದರೂ ತಳ್ಳಿಕೊಂಡು ಹೋಗಲಿ ಎಂದು ಮಾಡಿದ ಏರ್ಪಾಡು. ಅದನ್ನು ಕೂತವರ ಕೈಗೆ ಎಟುಕದ ಕಡೆ ಇಟ್ಟ ಎಂಜಿನಿಯರು ಯಾರೋ ನನಗೆ ಗೊತ್ತಿಲ್ಲ, ಸಿಕ್ಕರೆ ಅವರ ಜೊತೆ ಒಂದು ಚರ್ಚೆ ಬಾಕಿಯಿದೆ.

ಆ ದಿನಗಳಲ್ಲೇ ಹೈವೇಯ ಆಚೆ ಬದಿಯ ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠಕ್ಕೆ ಒಬ್ಬರು ಬೇಕೆಂದು ಸುದ್ದಿ ಬಂತು. ನಾನು ಹೋದೆ. ಸ್ಕೂಲು ಒಂದೇ ಅಂತಸ್ತಿನದು, ಮೆಟ್ಟಿಲಿಲ್ಲ. ಇಡೀ ತಾಲ್ಲೂಕಿನಲ್ಲಿ ನನಗೆಂದೇ ಕಟ್ಟಿಸಿದಂತಿತ್ತು. ಹೆಡ್‌ಮಾಸ್ಟರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಸಂದೇಹಗಳನ್ನು ಎದುರಿಸುವುದು ಕೆಟ್ಟವರ ನಿರಾಕರಣೆಯನ್ನು ಎದುರಿಸುವುದಕ್ಕಿಂತ ಕಷ್ಟ.

“ಪಾಠ ನೀವು ಮಾಡ್ತೀರಮ್ಮ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ದಿನಾ ಯಾರು ಕರ್ಕೊಂಡು ಬರ್ತಾರೆ? ನಿಮ್ಮ ತಂದೆಗೆ ಒಂದಿನ ಜ್ವರ ಬಂತು ಅಂದ್ರೆ ಎಂಟನೇ ಕ್ಲಾಸಿನೋರು ಸ್ಕೂಲೇ ತಲೆಕೆಳಗೆ ಮಾಡ್ತಾರೆ.”

“ತುಮಕೂರಿಂದ ಬರೋ ಗಣಿತದ ಮೇಷ್ಟ್ರನ್ನ ಬಸ್ ಡ್ರೈವರ್ ಕರ್ಕೊಂಡು ಬರ್ತಾನಲ್ಲ ಸಾರ್. ಡ್ರೈವರ್‌ಗೆ ಜ್ವರ ಬಂದ್ರೆ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ವಾದ ಚೆನ್ನಾಗಿದೆ. ಸೋಮವಾರದಿಂದ ಒಂದು ವಾರ ಬನ್ನಿ. ಒಬ್ರೇ ಬನ್ನಿ. ತಂದೆ ಬೇಡ, ತಾಯಿ ಬೇಡ, ತಳ್ಳೋರು ಬೇಡ. ವಾರ ಪೂರ್ತಿ ಬಂದ್ರೆ ಕೆಲಸ ನಿಮ್ಮದು. ಬರಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋಬಾರ್ದು.”

ಬೇಜಾರು ಮಾಡಿಕೊಳ್ಳದಿರುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಓದು ಮುಗಿಸಿದ ಮೇಲೆ ಕಿಟಕಿಯ ಪಕ್ಕ ಕೂತು ಅಮ್ಮನಿಗೆ ಅವರೆಕಾಯಿ ಸುಲಿದುಕೊಡುತ್ತ, ಬೀದಿಯಲ್ಲಿ ಹೋಗುವವರ ಜೊತೆ ಜಗಳಕ್ಕೆ ವಿಷಯ ಹುಡುಕುತ್ತಿದ್ದ ನನಗೆ ಆ ಎಂಟನೇ ಕ್ಲಾಸು ಬೇಕಾಗಿತ್ತು. ತಿಂಡಿಯ ಹಾಗೆ ಬೇಕಾಗಿತ್ತು. ಮೊದಲು ಒಪ್ಪಿಸಬೇಕಾದದ್ದು ಮನೆಯಲ್ಲಿ.

“ಹಿಂದೆ ಬರಬೇಡ” ಎಂದೆ ಅಪ್ಪನಿಗೆ.

“ಬರಲ್ಲ.”

“ಸೈಕಲ್ಲಲ್ಲೂ ಬರಬೇಡ. ದೂರದಿಂದಲೂ ಬರಬೇಡ.”

“ಬರಲ್ಲ ಅಂದ್ನಲ್ಲ ಕಣವ್ವ.”

“ನಾನು ನಡುರಸ್ತೇಲಿ ಸಿಕ್ಕಾಕೊಂಡ್ರೂ ನೀನು ಕೈ ಹಾಕ್ಬಾರ್ದು.”

ಅವನು ಚಪ್ಪಲಿಯ ಉಂಗುಷ್ಠವನ್ನು ಸರಿಮಾಡಿಕೊಂಡ. ಕೊನೆಗೆ, “ಆಯ್ತು” ಎಂದ. ಒಲೆಯ ಮುಂದಿದ್ದ ಅಮ್ಮ, “ಅಪ್ಪ ಮಗಳು ಸೇರ್ಕೊಂಡು ನನ್ನ ಜೀವ ತೆಗೀರಿ” ಎಂದು ಸೌಟನ್ನು ಕುಕ್ಕಿದಳು.

ಸೋಮವಾರ ಹೊರಟೆ. ಒಂಟಿಯಾಗಿ ಬೀದಿಗೆ ಬರುವುದೆಂದರೇನು ಎಂಬುದನ್ನು, ಹುಟ್ಟಿದಾಗಿನಿಂದ ಒಂಟಿಯಾಗಿ ಓಡಾಡುತ್ತಿರುವ ನಿಮಗೆ ಹೇಗೆ ಹೇಳಲಿ? ನಮ್ಮ ಬೀದಿಯಲ್ಲಿ ಒಂದು ಮುಸುರೆ ನೀರಿನ ಮೋರಿಯಿದೆ, ಅದರ ಕಲ್ಲು ಎಡಕ್ಕೆ ವಾಲಿದೆ ಎಂಬುದು ಅಷ್ಟು ವರ್ಷ ಅಪ್ಪನಿಗೆ ಗೊತ್ತಿತ್ತು, ನನಗಲ್ಲ. ಅಪ್ಪನ ಬೆನ್ನಿನಿಂದ ಕಂಡ ಊರು ಮನೆಗಳ ಮಾಡು, ಮಾವಿನ ಕೊಂಬೆ, ಸಿನಿಮಾ ಪೋಸ್ಟರುಗಳ ಊರು. ಕುರ್ಚಿಯಿಂದ ಕಾಣುವುದು ಷರಟಿನ ಕೆಳಗುಂಡಿಗಳು, ಕೈಚೀಲದಿಂದ ಇಣುಕುವ ನುಗ್ಗೆಕಾಯಿ, ನಾಯಿಗಳ ಮುಖ. ಎತ್ತರ ಕಡಿಮೆಯಾಯಿತು. ಆದರೆ ನೋಡುವುದಕ್ಕೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನನಗೆ ಸೇರಿದ್ದಾಯಿತು. ಮೋರಿಯ ಪಕ್ಕದಲ್ಲಿ ಸುಮ್ಮನೆ, ಯಾವ ಕಾರಣವೂ ಇಲ್ಲದೆ, ಒಮ್ಮೆ ನಿಂತೆ. ಅಪ್ಪನ ಬೆನ್ನ ಮೇಲಿದ್ದಾಗ ಹಾಗೆ ನಿಲ್ಲಿಸಿದ್ದರೆ ಅವನು ನಿಲ್ಲುತ್ತಿದ್ದ, ನಿಜ; ಆದರೆ ಅವನ ಕಾಲು ನೋಯುತ್ತದೆಂದು ನಾನೇ ಕೇಳುತ್ತಿರಲಿಲ್ಲ.

ನಿಂತದ್ದೇ ತಪ್ಪಾಯಿತು. ಹಿಂದಿನಿಂದ ಯಾರೋ ಕೈಹಾಕಿದರು. “ಬಿಡಿ, ನಾನೇ ಹೋಗ್ತೀನಿ.” “ಇರ್ಲಿ ಬಿಡವ್ವ, ಅದಕ್ಕೇನು.” “ಅದಕ್ಕೇ ಬೇಡ ಅಂತಿರೋದು.” ಮೊದಲೆರಡು ದಿನ ಇದೇ ಸಂವಾದ. ತರಕಾರಿಯವರು, ಕಾಲೇಜು ಹುಡುಗರು, ಒಬ್ಬ ಪೊಲೀಸಿನವರು, ಊರುಗೋಲು ಊರಿಕೊಂಡು ಬಂದ ಒಬ್ಬ ತಾತ. ಆ ತಾತನ ಕೈ ಕುರ್ಚಿಯ ಹಿಡಿಯ ಮೇಲೆ ಬಿದ್ದಾಗ ಅವರು ನನ್ನನ್ನು ತಳ್ಳುತ್ತಿದ್ದಾರೋ ನಾನು ಅವರನ್ನು ಎಳೆಯುತ್ತಿದ್ದೇನೋ ತಿಳಿಯಲಿಲ್ಲ. ನಾನು ತಾತ್ತ್ವಿಕವಾಗಿ ವಿವರಿಸಿದೆ, ವ್ಯಂಗ್ಯವಾಗಿ ವಿವರಿಸಿದೆ, ಕೂಗಾಡಿದೆ. ಕಡೆಗೆ ಸತ್ಯವನ್ನೇ ಹೇಳಿಬಿಟ್ಟೆ: ಯಾರಾದರೂ ತಳ್ಳಿದರೆ ನನಗೆ ಕೆಲಸ ಸಿಗುವುದಿಲ್ಲ. ಹೈವೇಯ ಈಚೆ ಬದಿಯಲ್ಲಿ ಟೀ ಅಂಗಡಿಯಿಟ್ಟಿದ್ದ ಶಿವಣ್ಣನಿಗೆ ಇದನ್ನು ಹೇಳಿದ್ದು ಊರಿಗೆಲ್ಲ ಡಂಗುರ ಹೊಡೆಸಿದಂತಾಯಿತು. ಅಂದಿನಿಂದ ಯಾರೂ ಮುಟ್ಟಲಿಲ್ಲ. ನಾನು ಬರುವ ಹೊತ್ತಿಗೆ ಅಂಗಡಿಯ ಮುಂದೆ ಜನ ಗ್ಲಾಸು ಹಿಡಿದು, ಕ್ರಿಕೆಟ್ ನೋಡುವವರ ಹಾಗೆ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ದಾಟಿದ ಮೇಲೆ ಆಚೆ ಬದಿಗೆ ಕೇಳುವಂತೆ ಸಿಳ್ಳೆ. ಗೇಟಿನ ಬಳಿ ಹೆಡ್‌ಮಾಸ್ಟರು ದಿನವೂ ಗಡಿಯಾರ ನೋಡಿಕೊಳ್ಳುತ್ತ ನಿಂತಿರುತ್ತಿದ್ದರು. ಶುಕ್ರವಾರದವರೆಗೆ ಎಲ್ಲವೂ ಸುಸೂತ್ರ.

ಶನಿವಾರ ಬೆಳಗಿನ ಸ್ಕೂಲು. ಹಿಂದಿನ ದಿನ ಮಳೆ ಬಿದ್ದು, ಮಣ್ಣಿನ ಅಂಚಿನಿಂದ ಟಾರು ರಸ್ತೆಗೆ ಹತ್ತುವ ಸಣ್ಣ ಏರು ಕೆಸರಾಗಿತ್ತು. ಕುರ್ಚಿಯ ಗಾಲಿ ಅಲ್ಲಿ ತಿರುಗಿತು, ಜಾರಿತು, ಮತ್ತೆ ತಿರುಗಿತು. ಮೋಟಾರು ಗೊಣಗಿತು. ನನಗೆ ಗಾಬರಿಯಿರಲಿಲ್ಲ, ಸ್ವಲ್ಪ ಹಿಂದಕ್ಕೆ ಹೋಗಿ ಓರೆಯಾಗಿ ಹತ್ತಿಸುವುದು ನನಗೆ ಗೊತ್ತಿತ್ತು. ಆದರೆ ಶಿವಣ್ಣನಿಗೆ ತಡೆಯಲಾಗಲಿಲ್ಲ. ವಾರವೆಲ್ಲ ಕೈಕಟ್ಟಿ ನಿಂತ ಮನುಷ್ಯ. ನಾನು ಗೆಲ್ಲಬೇಕು ಎಂಬುದು ಅಷ್ಟು ಹೊತ್ತಿಗೆ ನನಗಿಂತ ಅವನಿಗೇ ಹೆಚ್ಚಾಗಿತ್ತು. “ಬೆಲ್ ಹೊಡ್ದುಬಿಡ್ತಾರೆ ಕಣಮ್ಮ!” ಎಂದು ಕೂಗುತ್ತ ಸೌಟು ಬಿಸುಟು ಓಡಿಬಂದ. ಬ್ಯಾಟರಿ ಅಂಗಡಿಯ ಮುಂದೆ ಎಂದೋ ನೋಡಿಕೊಂಡಿದ್ದ ಆ ಲಿವರನ್ನು ಕಾಲಿನಿಂದ ಒತ್ತಿದ. ಎರಡೂ ಕೈ ಹಾಕಿ, ಬಸ್ಸು ತಳ್ಳುವವರ ಭುಜಬಲದಿಂದ ಒಂದೇ ಸಲಕ್ಕೆ ನನ್ನನ್ನು ಟಾರಿನ ಮೇಲೆ ಹತ್ತಿಸಿ, ಓಡಿಸಿಕೊಂಡೇ ಹೊರಟ.

“ಶಿವಣ್ಣ, ಬಿಡು! ಬಿಡೋ!” ಎಂದು ನಾನು ಕಿರುಚಿದೆ.

ಅವನು ವಿಧೇಯನಾಗಿ ಬಿಟ್ಟ.

ಅಲ್ಲಿ, ರಸ್ತೆಯ ನಟ್ಟನಡುವೆ. ಬಿಟ್ಟು ಹಿಂದಕ್ಕೂ ಓಡಿಹೋದ, ಹೆಡ್‌ಮಾಸ್ಟರಿಗೆ ಕಾಣಬಾರದೆಂದು. ನಾನು ಕಡ್ಡಿಯನ್ನು ಬಾಗಿಸಿದೆ. ಮೋಟಾರು ಗುಂಯ್ ಎಂದಿತು, ಗಾಲಿ ಕದಲಲಿಲ್ಲ. ಲಿವರ್ ನನ್ನ ಬೆನ್ನ ಹಿಂದೆ, ಯಾರ ಕೈಗೂ ಸಿಗುವ, ನನ್ನ ಕೈಗೆ ಮಾತ್ರ ಸಿಗದ ಜಾಗದಲ್ಲಿ. ತುಮಕೂರು ಕಡೆಯಿಂದ ಬಂದ ಲಾರಿಯೊಂದು ಬ್ರೇಕು ಒತ್ತಿ ಉದ್ದಕ್ಕೆ ಚೀರುತ್ತ ಬಂದು ನಿಂತಿತು. ಅದರ ಬಂಪರಿನ ಮೇಲೆ ಬರೆದಿದ್ದ ಅಕ್ಷರಗಳನ್ನು ಓದುವಷ್ಟು ಹತ್ತಿರ. ಏನು ಬರೆದಿತ್ತೆಂದು ಮಾತ್ರ ಈಗ ನೆನಪಿಲ್ಲ. ಜೀವ ಕೈಯಲ್ಲಿ ಹಿಡಿದಿದ್ದಾಗಲೂ ಎಲ್ಲವನ್ನೂ ಸ್ಪಷ್ಟವಾಗಿ ಗಮನಿಸಿದೆ ಎನ್ನುವವರನ್ನು ನಾನು ನಂಬುವುದಿಲ್ಲ.

ಆಮೇಲಿನದು ಊರಿನವರು ಹೇಳುವ ಕತೆಯ ಪ್ರಕಾರವೇ ನಡೆಯಿತು. ಟೀ ಗ್ಲಾಸುಗಳು ಎಲ್ಲೆಂದರಲ್ಲಿ ಬಿದ್ದವು, ಜನ ನುಗ್ಗಿದರು, ಲಾರಿಯ ಕ್ಲೀನರನೂ ಕೆಳಗೆ ಹಾರಿ ಸೇರಿಕೊಂಡ. “ಐಸಾ!” ಎನ್ನುತ್ತ ನನ್ನನ್ನು ತಳ್ಳಿಕೊಂಡು ಹೋಗಿ ಹೆಡ್‌ಮಾಸ್ಟರ ಪಾದದ ಬಳಿಯೇ ತಂದು ನಿಲ್ಲಿಸಿದರು. ಎಲ್ಲರ ಮುಖದಲ್ಲೂ ಕೆಟ್ಟ ಬಸ್ಸನ್ನು ಸ್ಟಾರ್ಟು ಮಾಡಿದವರ ಸಂತೃಪ್ತಿ.

ಹೆಡ್‌ಮಾಸ್ಟರ ಮುಖ ನೋಡಿದೆ. ಅದರಲ್ಲಿದ್ದದ್ದು ಕರುಣೆ. ಕರುಣೆಯೆಂದರೆ ಇಲ್ಲ ಎಂಬುದರ ಸಭ್ಯ ರೂಪ ಎಂದು ನನಗೆ ಅನುಭವದಿಂದ ಗೊತ್ತಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅವರು ಬಹಳ ಮೆತ್ತಗೆ ಏನನ್ನೋ ಹೇಳುತ್ತಿದ್ದರು, ನಾನು ಬೇಜಾರು ಮಾಡಿಕೊಳ್ಳಬೇಕಾಗುತ್ತಿತ್ತು.

“ಶಿವಣ್ಣ, ಹಿಂದೆ ಲಿವರ್ ಎತ್ತು” ಎಂದೆ.

“ಯಾವುದಮ್ಮ?”

“ನೀನು ಒದ್ದೆಯಲ್ಲ, ಅದು.”

ಎತ್ತಿದ. ಕಡ್ಡಿಯನ್ನು ಬಾಗಿಸಿದೆ, ಕುರ್ಚಿ ಗೇಟಿಗೆ ಬೆನ್ನು ತಿರುಗಿಸಿತು.

“ಎಲ್ಲಿಗಮ್ಮ?” ಎಂದರು ಹೆಡ್‌ಮಾಸ್ಟರು.

“ಇದು ಇವರು ಬಂದಿದ್ದು ಸಾರ್. ನಾನಿನ್ನೂ ಬಂದಿಲ್ಲ. ಹೋಗಿ ಬರ್ತೀನಿ.”

ಮತ್ತೆ ಹೈವೇಯನ್ನು ದಾಟಿ ಮನೆಯ ಕಡೆಯ ಬದಿಗೆ ಹೋದೆ. ಕಾದು ನಿಂತಿದ್ದ ಲಾರಿಗಳವರು ಏನೆಂದರೋ ಕೇಳಿಸಿಕೊಳ್ಳಲಿಲ್ಲ. ಶಿವಣ್ಣನ ಅಂಗಡಿ ಬಿಕೋ ಎನ್ನುತ್ತಿತ್ತು; ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಅಲ್ಲಿ, ಅಂಗಡಿಯ ಪಕ್ಕದ ಹೊಂಗೆಮರದ ಕೆಳಗೆ, ಸೈಕಲ್ ಹಿಡಿದುಕೊಂಡು ಅಪ್ಪ ನಿಂತಿದ್ದ.

ನಮ್ಮ ಬೀದಿಯಿಂದಲ್ಲ, ಕೆರೆಯ ಕಡೆಯ ದಾರಿಯಿಂದ ಸುತ್ತಿಹಾಕಿಕೊಂಡು, ನನಗಿಂತ ಮುಂಚೆಯೇ ಬಂದು ಅವನು ವಾರವೆಲ್ಲ ಅಲ್ಲಿ, ಟೀ ಕುಡಿಯುವವರ ಮರೆಯಲ್ಲಿ ನಿಲ್ಲುತ್ತಿದ್ದನಂತೆ. ಇದು ಆಮೇಲೆ ತಿಳಿದದ್ದು. ಹಿಂದೆ ಬರುವುದಿಲ್ಲ ಎಂದು ಕೊಟ್ಟ ಮಾತನ್ನು ಅಕ್ಷರಶಃ ಪಾಲಿಸಿದ್ದ. ತರ್ಕದ ಇಂಥ ಸಂದಿಗೊಂದಿಗಳು ಅವನಿಗೆ ಎಲ್ಲಿಂದ ಬಂದವು ಎಂದು ಕೇಳುವ ಹಾಗಿಲ್ಲ, ಅಷ್ಟೂ ವರ್ಷ ಹಿಂದಿನ ಸಾಲಿನಲ್ಲಿ ಕೂತು ನನ್ನ ಭಾಷಣ ಕೇಳಿದವನು. ಅವನ ಕೈಗಳು ಸೈಕಲ್ಲಿನ ಹ್ಯಾಂಡಲ್ಲನ್ನು ಹಿಡಿದ ಬಿಗಿಗೆ ಗೆಣ್ಣುಗಳು ಬಿಳಿಚಿದ್ದವು. ಬೆಲ್ಲಿನ ಮೇಲೆ ಹೆಬ್ಬೆರಳು ನಡುಗಿ ಅದು ಸಣ್ಣಗೆ, ಬಿಟ್ಟು ಬಿಟ್ಟು, ತಾನಾಗಿ ಬಾರಿಸಿಕೊಳ್ಳುತ್ತಿತ್ತು.

“ಟೀ ಕುಡೀತಿದ್ದೆ” ಎಂದ. ಕೈಯಲ್ಲಿ ಗ್ಲಾಸಿರಲಿಲ್ಲ.

ನಾನು ಕುರ್ಚಿಯನ್ನು ತಿರುಗಿಸಿಕೊಂಡು, ಹಿಂದಕ್ಕೆ ಸರಿದು, ಓರೆಯಾಗಿ ಕೆಸರಿನ ಏರನ್ನು ಹತ್ತಿದೆ. ಗಾಲಿ ಒಮ್ಮೆ ಜಾರಿತು. ಆಚೆ ಬದಿಯಲ್ಲಿ ಊರಿಗೆ ಊರೇ ನಿಂತಿತ್ತು. ಶಿವಣ್ಣ ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ತಾನೇ ಕಟ್ಟಿ ಹಿಡಿದುಕೊಂಡಿದ್ದ. ಎರಡನೆಯ ಸಲಕ್ಕೆ ಗಾಲಿ ಹಿಡಿಯಿತು. ಲಾರಿಯ ಮುಂದಿನಿಂದ, ಯಾವ ಅವಸರವೂ ಇಲ್ಲದೆ (ಇತ್ತು, ಆದರೆ ಕುರ್ಚಿಯ ವೇಗವೇ ಅಷ್ಟು), ರಸ್ತೆ ದಾಟಿ ಗೇಟಿನೊಳಗೆ ಹೋದೆ.

ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. “ಬೆಲ್ ಆಗಿ ಹೋಯ್ತು. ಲೇಟಾಗಿದೀರ” ಎಂದರು. “ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬನ್ನಿ ಮೇಡಂ. ಎಂಟನೇ ಕ್ಲಾಸಲ್ಲಿ ಆಗಲೇ ಗಲಾಟೆ ಶುರುವಾಗಿದೆ, ಹೋಗಿ.” ಅಷ್ಟೇ. ಬೈಗುಳವೊಂದು ಅಷ್ಟು ಇಂಪಾಗಿ ಕೇಳಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಇದು ನಡೆದದ್ದು. ಇದರ ಮೇಲೆ ನಾನು ಕಟ್ಟಿದ ವಾದ ಹೀಗಿತ್ತು: ಅಂದು ಓಡಿಬಂದವರೆಲ್ಲ ಸುಲಭದ ಕೆಲಸ ಮಾಡಿದರು, ಓಡುವುದಕ್ಕೆ ಪ್ರೀತಿಯೂ ಬೇಕಿಲ್ಲ, ಅಭ್ಯಾಸ ಸಾಕು. ಹುಟ್ಟಿದಾಗಿನಿಂದ ಹೊತ್ತವನು, ಮಗಳು ಲಾರಿಯ ಮುಂದೆ ಸಿಕ್ಕಿಬಿದ್ದಿರುವಾಗ, ಕೊಟ್ಟ ಮಾತಿಗೆ ಕಟ್ಟುಬಿದ್ದು ನಿಂತನಲ್ಲ, ಆ ದಿನ ನನ್ನನ್ನು ನಿಜವಾಗಿ ದಾಟಿಸಿದವನು ಅವನೇ. ಟೀ ಅಂಗಡಿಯಲ್ಲಿ ಇದನ್ನು ಮಂಡಿಸಿದಾಗ ಶಿವಣ್ಣ ಟವಲಿನಿಂದ ಕಣ್ಣೊರೆಸಿಕೊಂಡ. ಸ್ಕೂಲಿನ ಮಕ್ಕಳಿಗೆ ಹೇಳಿದಾಗ ಅವರು ಚಪ್ಪಾಳೆ ತಟ್ಟಿದರು. ಎಲ್ಲರೂ ಒಪ್ಪಿದ ಮೇಲೆ ನನಗೆ ಸಂದೇಹ ಹುಟ್ಟಿತು. ನನಗಿಷ್ಟವಾದ ತೀರ್ಮಾನಕ್ಕೆ ಎದುರು ಪಕ್ಷದಲ್ಲಿ ನಿಂತು ಮಾತಾಡುವವರು ಯಾರೂ ಇಲ್ಲದಿದ್ದರೆ ಆ ಕೆಲಸವನ್ನು ನಾನೇ ಮಾಡಬೇಕಲ್ಲವೆ?

ಎದುರು ಪಕ್ಷದ ವಾದ ಇದು. ಆ ನಡುಗುವ ಹೆಬ್ಬೆರಳು ಸಂಯಮದ್ದೇ ಆಗಿರಬೇಕೆಂದೇನಿಲ್ಲ. ಮನಸ್ಸು ಓಡು ಎಂದು ಚೀರುತ್ತದೆ, ಕಾಲು ಕೇಳುವುದಿಲ್ಲ. ಆ ಸ್ಥಿತಿ ನನಗೆ ಹೊಸದಲ್ಲ, ನಾನು ಅದರಲ್ಲೇ ಬೆಳೆದವಳು. ಆ ಒಂದು ಗಳಿಗೆ ಅವನೂ ನನ್ನ ಜಾಗಕ್ಕೆ ಬಂದು ನಿಂತಿದ್ದನೇ? ಹಾಗಿದ್ದರೆ ನಾನು ಅವನ ತ್ಯಾಗವೆಂದು ಊರೆಲ್ಲ ಸಾರುತ್ತಿರುವುದು ಅವನಿಗೆ ಒಳಗೊಳಗೇ ಎಷ್ಟು ಚುಚ್ಚುತ್ತಿರಬೇಕು! ಹಾಗಿಲ್ಲದಿದ್ದರೆ, ಈ ಅನುಮಾನವೇ ಅವನಿಗೆ ಎಂಥ ಅನ್ಯಾಯ!

ಇರುವ ಸಾಕ್ಷಿ ಒಬ್ಬನೇ. ಅವನು ಈಗಲೂ ಸೆಕೆಂಡ್ ಶಿಫ್ಟಿನಲ್ಲೇ ಇದ್ದಾನೆ. ಬೆಳಗಿನ ಹೊತ್ತು ಮಾಡಲು ಕೆಲಸವಿಲ್ಲದೆ ಕನಕಾಂಬರದ ಪಾತಿ ಮಾಡಿದ್ದಾನೆ. ಮೊನ್ನೆ ಭಾನುವಾರ ಅಂಗಳದಲ್ಲಿ ಕೂತು ಕುರ್ಚಿಯ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದ. ಒಂದು ಹನಿಯೂ ಚೆಲ್ಲದ ಹಾಗೆ, ಉಸಿರು ಹಿಡಿದು. ನಾನು ಹೊಸ್ತಿಲ ಒಳಗೆ ಚಾಪೆಯ ಮೇಲೆ ಕೂತಿದ್ದೆ. ಅಮ್ಮ ಒಳಗಿದ್ದಳು. ಕೇಳಿಯೇಬಿಟ್ಟೆ. ಅವನು ತಲೆಯೆತ್ತಲಿಲ್ಲ, ಒಂದು ಬಿರಡೆ ಮುಚ್ಚಿ ಇನ್ನೊಂದನ್ನು ತೆರೆದ. ಅಲ್ಲಿಂದೀಚೆಗೆ ಉತ್ತರ ಬಂದಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ಅಚ್ಚಿನಲ್ಲಿ ಕಂಡಾದರೂ ಹೇಳಿಯಾನೆಂದು ಇಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ.

ಅಪ್ಪಾ, ಅವತ್ತು ನೀನು ನಿಂತಿದ್ದು ನನಗೆ ಕೊಟ್ಟ ಮಾತಿಗೋ, ಇಲ್ಲಾ ನಿಂಗೂ ಕಾಲು ಬರ್ಲಿಲ್ವೋ?